ಕಣ್ಣಿನ ಮೇಲಿನ ಅಪವಾದ ಹೊತ್ತು ಬಾಗಲಕೋಟೆಗೆ

ನನ್ನ ಮಗ್ಗದ ಮೇಲೆ ಒಂದು ಆಡು ಕೂತು ಎಲೆಅಡಿಕೆ ಜಗಿಯುತ್ತಿತ್ತು. ನಂಬದೆ ಇರಿ, ನೋಡೋಣ! ಅಣ್ಣನ ಮಗ ಸಂಗಣ್ಣ ನಂಬಲಿಲ್ಲ. ಸಾಲದ್ದಕ್ಕೆ, ಸೀರೆಯ ಮೈ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವಾಗ ನಾನು ಎರಡು ಸಲ ತಪ್ಪಿದ್ದೆ.

"ಕಾಕಾ, ನಿಮ್ಮ ಕಣ್ಣು ಹೋಗ್ಯಾವ. ಮಗ್ಗ ಬ್ಯಾರೆಯವ್ರಿಗೆ ಕೊಡೋಣು," ಎಂದ.

ಇಳಕಲ್ಲಿನಲ್ಲಿ ನನ್ನಂಥ ಕೊಂಡಿ ಹಾಕುವವನು ಇನ್ನೊಬ್ಬನಿಲ್ಲ. ನನಗೆ ಈ ಮಾತು! "ನಡೀಲೇ ದವಾಖಾನಿಗೆ. ಡಾಕ್ಟರ್ ಹೇಳ್ಲಿ, ಆಮ್ಯಾಲ ಮಗ್ಗ ಮುಟ್ಟು," ಎಂದು ಗುಡುಗಿ, ಅವನನ್ನೂ ಎಳೆದುಕೊಂಡು ಏಳರ ಬಸ್ ಹತ್ತಿದೆ.

ಹುನಗುಂದದಲ್ಲಿ ಬಸ್ ನಿಂತೇಬಿಟ್ಟಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಚಹಾಕ್ಕೆ ಹೋಗಿದ್ದನಂತೆ. ಅವನು ಸೀಟಿ ಊದದೆ ಬಸ್ ಕದಲುವಂತಿಲ್ಲ. ಗಿರಮಿಟ್ಟು ತಿಂದೆ, ಮಿರ್ಚಿ ತಿಂದೆ, ಕೂಗಾಡಿದೆ.

"ಅಜ್ಜಾರ, ಬೈದ್ರ ಬಸ್ ಓಡತೈತೇನ್ರಿ?" ಎಂದ ಕಂಡಕ್ಟರ್.

ಬಾಗಲಕೋಟೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಡಿನ ಕಥೆ ಕೇಳಿ, ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿದಳು.

"ಕಣ್ಣು ಚೊಲೋ ಅದಾವ ಅಜ್ಜಾರ. ಆದ್ರ ಕಣ್ಣಿನ ಸುದ್ದಿ ನೆಟ್ಟಗ ಮೆದುಳಿನ ಹಿಂದಿನ ಭಾಗಕ್ಕ ಹೋಗಂಗಿಲ್ರಿ. ನಡುವ ಥಾಲಮಸ್ ಅಂತ ಒಂದು ಸ್ಟಾಪ್ ಐತಿ. ಅಲ್ಲಿ ಕಣ್ಣಿನ ನರದ ಎಳಿ ಕೂಡೋ ಜಾಗದ ಮಗ್ಗಲಕ್ಕ, ಮೆದುಳಿನ ಬುಡದಿಂದ ಬಂದ ಎಳಿನೂ ಕೂಡ್ತಾವ. ಅವು ಅಸಿಟೈಲ್‌ಕೋಲಿನ್ ಅನ್ನೋ ರಸ ಬಿಟ್ರ ಸುದ್ದಿ ಚಂದಗೆ ಮುಂದ ಹೋಗತೈತಿ. ಖರೆ ಅಂದ್ರ, ಅಲ್ಲಿ ಕಣ್ಣಿನ ಎಳಿನ ಕಮ್ಮಿ, ಬ್ಯಾರೆ ಕಡಿಂದ ಬಂದವ ಭಾಳ."

ನನ್ನ ಕಣ್ಣಿನ ಮನೆಯಲ್ಲಿ ನನ್ನ ಕಣ್ಣಿನದೇ ಪಾಲು ಕಡಿಮೆಯೇ? ಸಿಟ್ಟು ನೆತ್ತಿಗೇರಿತು. "ಹಂಗಾರ ಅದು ಹುನಗುಂದ ಸ್ಟ್ಯಾಂಡ್ ಆತು! ಬಸ್ ನಂದು, ಸೀಟಿ ಮತ್ತೊಬ್ಬಂದು!"

ಆಕೆ ನಕ್ಕು, "ಏನರ ಗುಳಿಗಿ ತಗೋತೀರೇನ್ರಿ?" ಎಂದಳು. ಕಿಸೆಯಿಂದ ನೆಗಡಿಯ ಗುಳಿಗೆ ತೆಗೆದೆ. ತಿಂಗಳಿಂದ ದಿನಕ್ಕೆ ಮೂರು ನುಂಗುತ್ತಿದ್ದೆ.

"ಅಯ್ಯ, ಇದು ಆ ರಸದ ಕೆಲಸಾನ ತಡೀತೈತಿ! ವಯಸ್ಸಾದವ್ರಿಗೆ ಮಂಪರು ಬರತೈತಿ, ಇಲ್ಲದ್ದೂ ಕಾಣತೈತಿ. ಯಾರ್ ತಂದುಕೊಟ್ರು?"

"ಇವನ!" ಎಂದು ಸಂಗಣ್ಣನತ್ತ ಬೆರಳು ತೋರಿಸಿದೆ. ಆಕೆ ಅವನಿಗೆ ಚೆನ್ನಾಗಿ ಬೈದಳು. ವಾಪಸು ಬರುವಾಗ ಇಳಕಲ್ಲಿನವರೆಗೂ ನಾನು ಬೈದೆ. ಅವನು ಅಷ್ಟೂ ಬೈಸಿಕೊಂಡು ನನ್ನ ಟಿಕೆಟ್ಟನ್ನೂ ತಾನೇ ತೆಗೆಸಿದ.

ಗುಳಿಗೆ ಬಿಟ್ಟೆ. ಕೆಲವೇ ದಿನಗಳಲ್ಲಿ ಆಡು ತಾನಾಗಿ ಇಳಿದುಹೋಯಿತು. ಸಂಗಣ್ಣ ಎದುರು ಕೂತು ನೋಡುತ್ತಿದ್ದಂತೆ ಒಂದು ಸೀರೆಯ ಅಷ್ಟೂ ಕೊಂಡಿ ಹಾಕಿದೆ. ಒಂದೂ ತಪ್ಪಲಿಲ್ಲ. ಎದ್ದು ಹೋಗಿ ನನಗೆ ಚಹಾ ತಂದ. ಮಗ್ಗದ ಮಾತು ಮತ್ತೆ ಎತ್ತಲಿಲ್ಲ.

ಇದರಲ್ಲಿ ಒಂದೇ ಒಂದು ಮಾತು ನಾನು ಕಟ್ಟಿ ಹೇಳಿದ್ದು, ಡಾಕ್ಟರ್ ಎದುರಿಗೂ, ನಿಮ್ಮ ಎದುರಿಗೂ. ಗುಳಿಗೆ ತಂದವನು ಸಂಗಣ್ಣನಲ್ಲ, ನಾನೇ. ಅದು ಅವನಿಗೆ ಅವತ್ತೇ ಗೊತ್ತಿತ್ತು.