ಮಾವನ ಬೇಸ್‌ಬಾಲ್ ಕಾರ್ಡುಗಳು

ಮಾವ ಕಾರ್ಡನ್ನು ತಲೆಕೆಳಗಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿದ್ದನ್ನು ಮೊದಲು ಗಮನಿಸಿದವಳು ನನ್ನ ಮಗಳು. ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ನ ಅವರ ಮನೆಯಲ್ಲಿ ಊಟದ ಮೇಜಿನ ತುಂಬ ಹಳೆಯ ಬೇಸ್‌ಬಾಲ್ ಕಾರ್ಡುಗಳು ಹರಡಿದ್ದವು. ರೌಂಡ್ ರಾಕ್‌ನ ನಮ್ಮ ಮನೆಯಿಂದ ನಾವು ವಾರಾಂತ್ಯಕ್ಕೆ ಹೋದಾಗಲೆಲ್ಲ ಇದೇ ನೋಟ. ಮೇಜಿನ ತುದಿಗೆ ಮಾವ, ಅವರ ಒಂದು ಪಕ್ಕಕ್ಕೆ ನನ್ನ ಗಂಡ, ಇನ್ನೊಂದು ಪಕ್ಕಕ್ಕೆ ಮಗಳು. ತಟ್ಟೆ ಇಡಲು ಜಾಗ ಸಿಗುವವರೆಗೆ ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಕಾಯುತ್ತಿದ್ದೆವು.

“ಅಜ್ಜ, ಅದು ಉಲ್ಟಾ ಇದೆ,” ಎಂದಳು ಮಗಳು.

“ಹೌದೇನು?” ಎಂದು ಮಾವ ಕಾರ್ಡನ್ನು ಹೊರಗೆ ತೆಗೆದು, ಅತ್ತ ಇತ್ತ ತಿರುಗಿಸಿ, ಮತ್ತೆ ತಲೆಕೆಳಗಾಗಿಯೇ ಒಳಗೆ ಹಾಕಿದರು. ಮಗಳು ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು. ಗಂಡ ತಲೆಯೆತ್ತಿ ನನ್ನ ಕಡೆ ನೋಡಿದ.

ಈ ಕಾರ್ಡುಗಳ ಲೋಕಕ್ಕೆ ನಾನು ಹೊರಗಿನವಳು. ಮೈಸೂರಿನಿಂದ ಮದುವೆಯಾಗಿ ಬಂದವಳಿಗೆ ಇಲ್ಲಿನ ಆಟ ಇವತ್ತಿಗೂ ಅರ್ಥವಾಗಿಲ್ಲ. ಮಾವ ಧಾರವಾಡದವರು. ಓದಲೆಂದು ಹ್ಯೂಸ್ಟನ್‌ಗೆ ಬಂದಾಗ ಒಬ್ಬರು ಮುದುಕರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರಂತೆ. ಹೆಂಡತಿಯನ್ನು ಕಳೆದುಕೊಂಡಿದ್ದ ಆ ಮನೆ ಮಾಲೀಕರು ಸಂಜೆ ವರಾಂಡದಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದರು. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದಿದ್ದ ಮಾವನನ್ನು ಆ ಏರಿಳಿತದ ದನಿ ಕೆಳಗೆ ಎಳೆಯಿತು. ಆಟ ಗೊತ್ತಿಲ್ಲದಿದ್ದರೂ ಹೋಗಿ ಮೆಟ್ಟಿಲ ಮೇಲೆ ಕೂತರು. ಅವರಿಗೆ ಆಟ ತಿಳಿಸಿಕೊಡಲು ಮುದುಕರು ಒಳಗಿನಿಂದ ಕಾರ್ಡುಗಳನ್ನು ತಂದರು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಗಳು. ಮುದುಕರು ಹುಡುಗರಾಗಿದ್ದಾಗ ಚ್ಯೂಯಿಂಗ್ ಗಮ್ ಪೊಟ್ಟಣದ ಜೊತೆ ಬರುತ್ತಿದ್ದ ಕಾರ್ಡುಗಳು ಅವು. ಧಾರವಾಡದ ಓಣಿಗಳಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದ ಮಾವನಿಗೆ ಅವುಗಳನ್ನು ಕಂಡಕೂಡಲೇ ಹೋದ ಜೀವ ಬಂದಂತಾಯಿತಂತೆ. ಮುಂದೆ ಮುದುಕರು ವೃದ್ಧಾಶ್ರಮಕ್ಕೆ ಹೋಗುವಾಗ ಇಡೀ ಪೆಟ್ಟಿಗೆಯನ್ನೇ ಮಾವನ ಕೈಗಿಟ್ಟರು. ವರ್ಷಕ್ಕೊಂದರಂತೆ ಬರುತ್ತಿದ್ದ ಸೆಟ್ಟುಗಳಲ್ಲಿ ಒಂದಕ್ಕೆ ಒಂದೇ ಒಂದು ಕಾರ್ಡು ಕಡಿಮೆ ಇತ್ತು. ಅದನ್ನು ನೀನು ತುಂಬಿಸು ಎಂದರು.

ಆ ಕಾರ್ಡು ದುರ್ಲಭವೇನಲ್ಲ. ಆಟಗಾರನೂ ಹೆಸರು ಮಾಡಿದವನಲ್ಲ. ಹುಡುಕಿದರೆ ಸಿಗುತ್ತಿತ್ತು, ಸಿಕ್ಕಿಯೂ ಇತ್ತು. ಆದರೆ ಮಾವ ಪ್ರತಿಸಲ ಏನಾದರೂ ಕೊಂಕು ತೆಗೆಯುತ್ತಿದ್ದರು. ಮೂಲೆ ಮೆತ್ತಗಾಗಿದೆ, ಬಿಳಿ ಅಂಚು ಒಂದು ಕಡೆ ಅಗಲ ಒಂದು ಕಡೆ ಸಣ್ಣ, ಬಣ್ಣ ಕುಂದಿದೆ. ನನ್ನ ಗಂಡ ಚಿಕ್ಕವನಿದ್ದಾಗಿನಿಂದ ಈ ಹುಡುಕಾಟದಲ್ಲಿ ಜೊತೆಗಿದ್ದಾನೆ. ಮಗಳಂತೂ ಕನ್ನಡ ಮಾತಾಡಲು ಕಲಿತದ್ದೇ ಅದರಿಂದ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು ಅಜ್ಜನ ಪಕ್ಕ ಕೂತರೆ “ಮೂಲಿ ಚೊಲೋ ಅದ, ಅಂಚು ಸ್ವಲ್ಪ ಹರದದ” ಎನ್ನುತ್ತಿದ್ದಳು. ಮೈಸೂರಿನ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಧಾರವಾಡದ ಕೂಸಾಯಿತು ಎಂದು ಅತ್ತೆ ಹಿಗ್ಗುತ್ತಿದ್ದರು.

ತಲೆಕೆಳಗಾದ ಕಾರ್ಡಿನ ಮರುವಾರ ಗಂಡ ಮಾವನನ್ನು ಹ್ಯೂಸ್ಟನ್‌ನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ರಜೆ ಹಾಕಿ ಹೋಗಿದ್ದೆ. ಎರಡೂ ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ ಎಂದು ಡಾಕ್ಟರು ಚಿತ್ರ ತೋರಿಸಿ ವಿವರಿಸಿದರು. ಕಣ್ಣಿಗೆ ಇಂಜೆಕ್ಷನ್ ಕೊಡಬಹುದು, ಉಳಿದದ್ದನ್ನು ಆದಷ್ಟು ದಿನ ಉಳಿಸಲು ನೋಡಬಹುದು, ಹೋದದ್ದು ಮರಳುವುದಿಲ್ಲ. ಗಂಡ ಏನೇನೋ ಕೇಳಿದ. ಬೇರೆ ಔಷಧ, ಬೇರೆ ಊರು, ಆಪರೇಷನ್. ಡಾಕ್ಟರು ಎಲ್ಲಕ್ಕೂ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು.

ಕಾರಿನಲ್ಲಿ ನಾನೇ ಕೇಳಿದೆ. “ಈಗ ಹೇಗೆ ಕಾಣತ್ತೆ ಮಾವ?”

“ಸುತ್ತಲಿಂದೆಲ್ಲಾ ಕಾಣಸ್ತದವಾ. ಕಾರ್ಡಿನ ಅಂಚು ಕಾಣಸ್ತದ, ಮೂಲಿ ಕಾಣಸ್ತದ. ಮಾರಿ ಕಾಣಸೂದಿಲ್ಲ.”

ಅವರ ಕಡೆ ಮಾರಿ ಎಂದರೆ ಮುಖ. ಅಷ್ಟು ವರ್ಷ ಕೇಳಿದ್ದರೂ ಆ ಗಳಿಗೆಯಲ್ಲಿ ನನ್ನ ಮೈಸೂರಿನ ಕಿವಿಗೆ ಅದು ಬೇರೆಯೇ ಏನೋ ಆಗಿ ಬಡಿಯಿತು. ನಾನು ಕಿಟಕಿಯ ಕಡೆ ತಿರುಗಿದೆ.

ಇಂಜೆಕ್ಷನ್‌ಗಳು ಶುರುವಾದವು. ಮಾವ ಕಾರ್ಡುಗಳನ್ನು ಬಿಡಲಿಲ್ಲ. ಭೂತಗನ್ನಡಿ ಬಂತು, ಮೇಜಿನ ಮೇಲೆ ಪ್ರಖರವಾದ ದೀಪ ಬಂತು, ಕೊನೆಗೆ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವ ಯಂತ್ರವೂ ಬಂತು. ದೊಡ್ಡದು ಮಾಡಿದಷ್ಟೂ ಕಾಣದ ಭಾಗವೇ ದೊಡ್ಡದಾಗುತ್ತಿದೆ ಎಂದರು ಮಾವ. ಹತ್ತಿರದ ಕಾರ್ಡ್ ಅಂಗಡಿಗೆ ಅತ್ತೆಯನ್ನು ಕರೆದುಕೊಂಡು ಹೋಗಿ ಅವರು ತಂದ ಕಾರ್ಡುಗಳಲ್ಲಿ ಮಡಿಕೆ ಬಿದ್ದವೂ ಇದ್ದವು, ಹಿಂದೆ ಯಾರೋ ಪೆನ್ನಿನಲ್ಲಿ ಗೀಚಿದವೂ ಇದ್ದವು. “ಹ್ಯಾಂಗ ಅದ?” ಎಂದು ಅವರು ಕೇಳಿದರೆ ಎಲ್ಲರೂ “ಚೊಲೋ ಅದ” ಎನ್ನುತ್ತಿದ್ದೆವು. ಯಾರೂ ಕೂತು ಮಾತಾಡಿಕೊಂಡು ಹಾಗೆ ತೀರ್ಮಾನಿಸಿದ್ದಲ್ಲ. ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ, ಅಷ್ಟೆ.

ಡಲ್ಲಾಸ್‌ನಲ್ಲಿ ದೊಡ್ಡ ಕಾರ್ಡ್ ಶೋ ಇದೆ ಎಂದು ಗಂಡನಿಗೆ ಗೊತ್ತಾದದ್ದು ಆಗಲೇ. ಸ್ವಲ್ಪವಾದರೂ ಕಾಣುತ್ತಿರುವಾಗಲೇ ಆ ಒಂದು ಕಾರ್ಡು ಸಿಕ್ಕಿಬಿಡಲಿ ಎಂಬ ಆಸೆ ಅವನದು. ಮಾವನನ್ನೂ ಅತ್ತೆಯನ್ನೂ ಮೊದಲು ನಮ್ಮ ಮನೆಗೆ ಕರೆತಂದು, ಮರುದಿನ ಎಲ್ಲರೂ ಒಂದೇ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮಾವ ಮೊಮ್ಮಗಳಿಗೆ ಪಾಠ ಹೇಳಿದರು. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ಅಂಗಡಿಯವನ ಮಾತಿಗಿಂತ ಕಾರ್ಡಿನ ಹಿಂಬದಿಯನ್ನು ನಂಬಬೇಕು. ಅತ್ತೆ ಡಲ್ಲಾಸ್ ಪಕ್ಕದ ಇರ್ವಿಂಗ್‌ನ ದೇವಸ್ಥಾನಕ್ಕೆ ಹೋಗುವುದಾಗಿ ಮೊದಲೇ ಹೇಳಿದ್ದರು. ಅವರನ್ನು ಅಲ್ಲಿ ಇಳಿಸಿ ನಾವು ಶೋಗೆ ಹೋದೆವು.

ಕಣ್ಣು ಹಾಯುವಷ್ಟು ದೂರ ಸಾಲುಸಾಲು ಮೇಜುಗಳು, ಗಾಜಿನ ಪೆಟ್ಟಿಗೆಗಳು. ಅಪ್ಪಂದಿರ ಜೊತೆ ಮಕ್ಕಳು, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರು. ಮಾವ ಮೊಮ್ಮಗಳ ಭುಜ ಹಿಡಿದು ನಡೆದರು. ಸುಮಾರು ಹೊತ್ತು ಸುತ್ತಿದ ಮೇಲೆ ಅವಳೇ ಕೂಗಿದಳು. “ಅಜ್ಜ! ಇಲ್ಲಿದೆ!”

ಅದೇ ಕಾರ್ಡು. ಅಂಗಡಿಯವರು ವಯಸ್ಸಾದ ಹೆಂಗಸು, ಬಹಳ ಸಮಾಧಾನದವರು. ಗಟ್ಟಿ ಪ್ಲಾಸ್ಟಿಕ್ಕಿನ ಕವಚದಲ್ಲಿದ್ದ ಕಾರ್ಡನ್ನು ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಣ್ಣಂಚಿನಿಂದ ನೋಡಲು ಹೋದರು. ಹೀಗೆ ಎಷ್ಟೋ ಹೊತ್ತು. ಹಿಂದೆ ಕಾಯುತ್ತಿದ್ದವರು ಬೇರೆ ಮೇಜಿಗೆ ಸರಿದರು.

“ನೋಡೋ, ಹ್ಯಾಂಗ ಅದ?” ಎಂದು ಮಗನನ್ನು ಕೇಳಿದರು.

“ಚೊಲೋ ಅದಪ್ಪ. ತುಂಬಾ ಚೊಲೋ ಅದ.”

“ನೀ ಹೇಳವಾ,” ಎಂದು ನನ್ನ ಕಡೆ ತಿರುಗಿದರು. ಅವರು ಕಾರ್ಡಿನ ವಿಷಯದಲ್ಲಿ ನನ್ನೊಬ್ಬಳನ್ನೇ ಕೇಳಿದ್ದು ಅದೇ ಮೊದಲು. ನಾನೂ ಚೆನ್ನಾಗಿದೆ ಎಂದೆ. ಕೊನೆಗೆ ಮೊಮ್ಮಗಳನ್ನು ಕೇಳಿದರು. ಅವಳು ಕಾರ್ಡನ್ನು ಇಸಿದುಕೊಂಡು, ಹೇಳಿಕೊಟ್ಟಂತೆ ಬೆಳಕಿಗೆ ಓರೆಯಾಗಿ ಹಿಡಿದು, ಹಿಂದೆ ಮುಂದೆ ನೋಡಿ ಹೇಳಿದಳು. “ಮೂಲಿ ನಾಲ್ಕೂ ಶಾರ್ಪ್ ಅದ ಅಜ್ಜ. ಅಂಚು ಎಲ್ಲಾ ಕಡೆ ಸೇಮ್ ಅದ. ಇಟ್ಸ್ ಪರ್ಫೆಕ್ಟ್.”

ಮಾವ ನಕ್ಕರು. ಅವಳ ಕೈಯಿಂದ ಕಾರ್ಡು ತೆಗೆದುಕೊಂಡು ಮೇಜನ್ನು ತಡವಿ ಅದರ ಮೇಲಿಟ್ಟರು.

“ಇತ್ತಿತ್ತಲಾಗ ನೀವೆಲ್ಲಾ ಎಲ್ಲಾದಕ್ಕೂ ಚೊಲೋ ಅದ ಅಂತೀರಿ,” ಎಂದರು.

“ಆದ್ರೆ ಇದು ನಿಜವಾಗ್ಲೂ ಚೆನ್ನಾಗಿದೆ ಅಜ್ಜ! ಐ ಪ್ರಾಮಿಸ್!” ಮಗಳ ಕಣ್ಣು ತುಂಬಿತು.

“ಇರಬಹುದವಾ. ಸುಳ್ಳು ಹೇಳ್ತಿ ಅಂತ ಅನ್ನಲಿಲ್ಲ ನಾನು. ನನಗ ಕಾಣಸೂದಿಲ್ಲಲ್ಲ, ಅದಕ್ಕ ಬ್ಯಾಡ.”

ಆ ಕಾರ್ಡು ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಅವರಿಗೆ ನಂಬಿಸಲು ನಮ್ಮ ಮೂವರಲ್ಲಿ ಯಾರ ಹತ್ತಿರವೂ ಒಂದು ಮಾತೂ ಉಳಿದಿರಲಿಲ್ಲ. ಅಂಗಡಿಯವರಿಗೆ ನಮ್ಮ ಭಾಷೆ ತಿಳಿಯದಿದ್ದರೂ ಏನೋ ಅರ್ಥವಾಗಿರಬೇಕು, ಕುರ್ಚಿ ಬೇಕೇ ಎಂದು ಮಾವನನ್ನು ಕೇಳಿದರು. ಬೇಡವೆಂದು ಮಾವ ಕೈ ಮುಗಿದರು.

ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ ಮೇಲೆ ಗಂಡ ಒಬ್ಬನೇ ಮತ್ತೆ ಒಳಗೆ ಹೋದ. ತಂದೇ ತರುತ್ತಾನೆ ಎಂದುಕೊಂಡಿದ್ದೆ. ಬರಿಗೈಯಲ್ಲಿ ಬಂದ.

“ಮಾರಾಟ ಆಗೋಯ್ತಾ?” ಎಂದು ಮೆಲ್ಲಗೆ ಕೇಳಿದೆ.

“ಇಲ್ಲ, ಅಲ್ಲೇ ಇದೆ. ನಾನು ತಗೊಂಡ್ರೆ ಅದು ನನ್ನ ಕಾರ್ಡ್ ಆಗತ್ತೆ. ಅಪ್ಪಂದಾಗಲ್ಲ.” ಆಮೇಲೆ ಅವನು ಕಾರು ತರುತ್ತೇನೆಂದು ಹೋದವನು ಬಹಳ ಹೊತ್ತು ಬರಲಿಲ್ಲ.

ದೇವಸ್ಥಾನದಿಂದ ಪ್ರಸಾದದ ಪೊಟ್ಟಣ ಹಿಡಿದು ಬಂದ ಅತ್ತೆ ನಮ್ಮ ಮುಖಗಳನ್ನು ನೋಡಿ, “ಸಿಗಲಿಲ್ಲೇನ್ರಿ?” ಎಂದರು.

“ಸಿಕ್ಕಿತ್ತು,” ಎಂದರು ಮಾವ.

ಅದಾದ ಮೇಲೆ ಒಂದು ಭಾನುವಾರ ವುಡ್‌ಲ್ಯಾಂಡ್ಸ್‌ಗೆ ಹೋದಾಗ ಪೆಟ್ಟಿಗೆಗಳೆಲ್ಲ ಬಾಗಿಲ ಬಳಿ ಜೋಡಿಸಿಟ್ಟಿದ್ದವು. ನಿಮ್ಮ ಮನೆಗೆ ಒಯ್ಯಿರಿ ಎಂದರು ಮಾವ. ಗಂಡ ಒಪ್ಪಲಿಲ್ಲ. ಇಲ್ಲೇ ಇರಲಿ, ನಾವು ಬಂದಾಗ ನೋಡೋಣ ಎಂದ. ಮಗಳು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮಾವ ಸಿಟ್ಟು ಮಾಡಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

“ನಿನ್ನೆ ಒಂದು ಕಾರ್ಡು ನೆಲಕ್ಕ ಬಿದ್ದಿತ್ತು. ನಾ ಅದರ ಮ್ಯಾಲೆ ಕಾಲಿಟ್ಟೆ,” ಎಂದರು. “ಒಯ್ಯಿರಿ.”

ಒಯ್ದೆವು. ಅತ್ತೆ ಫೋನಿನಲ್ಲಿ ನನ್ನ ಹತ್ತಿರ ಹೇಳಿದರು. “ಟೇಬಲ್ ಖಾಲಿ ಆತು ನೋಡವಾ. ಎಷ್ಟು ವರ್ಷ ಜಗಳಾಡಿದ್ದೆ ಅದಕ್ಕ. ಈಗ ಕೂತರ ಊಟ ಸೇರೂದಿಲ್ಲ.”

ಶುರುವಿನಲ್ಲಿ ಪ್ರತಿ ಭಾನುವಾರ ಮಗಳು ಫೋನ್ ಮಾಡಿ ಒಂದೊಂದೇ ಕಾರ್ಡು ತೆಗೆದು ಅಜ್ಜನಿಗೆ ವಿವರಿಸುತ್ತಿದ್ದಳು. ಹಿಂದಿನ ಅಂಕಿಗಳನ್ನು ಓದುತ್ತಿದ್ದಳು, ಮಾವ ಆ ಆಟಗಾರನ ಕತೆ ಹೇಳುತ್ತಿದ್ದರು. ಬರಬರುತ್ತಾ ಶಾಲೆಯ ಪ್ರಾಜೆಕ್ಟ್, ವಾಲಿಬಾಲ್, ಗೆಳತಿಯರು ಎಂದು ಅವಳ ಭಾನುವಾರಗಳು ತುಂಬಿಹೋದವು. ನಾನು ಬೈಯಲಾರೆ. ಅವಳ ವಯಸ್ಸೇ ಅಂಥದ್ದು. ಗಂಡನಿಗೋ ಮೂರನೆಯ ಕಾರ್ಡಿಗೇ ದನಿ ಕಟ್ಟಿಕೊಳ್ಳುತ್ತದೆ, ಮಾವನಿಗೆ ಅದು ಗೊತ್ತಾಗಿಬಿಡುತ್ತದೆ. ಹಾಗಾಗಿ ಈಗ ಹೆಚ್ಚಾಗಿ ನಾನೇ ಫೋನ್ ಮಾಡುತ್ತೇನೆ.

ಮೊದಲ ಸಲ ಒಂದು ಕಾರ್ಡು ತೆಗೆದು, “ಒಬ್ರು ಗಂಡಸು ಮಾವ, ಟೋಪಿ ಹಾಕ್ಕೊಂಡಿದಾರೆ,” ಎಂದೆ.

ಮಾವ ಎಷ್ಟು ನಕ್ಕರೆಂದರೆ ಆಚೆ ಅತ್ತೆ ಏನಾಯಿತೆಂದು ಓಡಿಬಂದರು. “ಎಲ್ಲಾರೂ ಟೋಪಿ ಹಾಕ್ಕೊಂಡಾರವಾ! ಮುಂದ ಹೇಳು.”

ಹೋದ ಭಾನುವಾರ ಒಂದು ಕಾರ್ಡು ಕೈಗೆ ಬಂತು. ಕೆಂಪು ಹಿನ್ನೆಲೆ, ಹೆಗಲ ಮೇಲೆ ಬ್ಯಾಟ್, ದಪ್ಪ ಹುಬ್ಬು. ನನಗೆ ತಿಳಿದಷ್ಟು ಹೇಳಿದೆ. ಹೆಸರು ಓದಿದೆ.

“ಅವನ ಮಾರಿ ಹ್ಯಾಂಗ ಅದ?” ಎಂದು ಮಾವ ಕೇಳಿದರು. “ನಗಲಿಕ್ಕತ್ತಾನೇನು? ನೆನಪಾಗವಲ್ಲದು ನನಗ.”

ನಾನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಓರೆಯಾಗಿಯೂ ಹಿಡಿದೆ. ಕಣ್ಣುಗಳು ಕಿರಿದಾಗಿದ್ದವು, ತುಟಿ ಒಂದು ಕಡೆ ತುಸು ಎಳೆದಂತಿತ್ತು. ನಗುತ್ತಿದ್ದನೋ, ಬಿಸಿಲಿಗೆ ಮುಖ ಕಿವುಚಿದ್ದನೋ, ಎಷ್ಟು ನೋಡಿದರೂ ಹೇಳಲಾಗಲಿಲ್ಲ.

“ಗೊತ್ತಾಗ್ತಿಲ್ಲ ಮಾವ,” ಎಂದೆ.

“ಇರಲಿ ಬಿಡವಾ,” ಎಂದರು. ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ, ಕಾರ್ಡನ್ನು ನೋಡುತ್ತಲೇ ಇದ್ದೆ.