ರೈಟರ್ ಸಾರ್ ಬದಲಿಸಿದ ಕೊಲೆಗಾರ

ರೈಟರ್ ಸಾರ್ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಗಡಿಯೂರು ಮೂಕಂಡಪಲ್ಲಿಯ ನಮ್ಮ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಭೂತಗನ್ನಡಿ ಹಿಡಿದು ಬೇರಿಂಗುಗಳ ಬಿರುಕು ಹುಡುಕಿ ಅದು ಹಾಗಾಗಿತ್ತಂತೆ. ಕೆಲಸ ಮುಗಿಸಿ ಮನೆಗೆ ಹೋದರೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಅಕ್ಷರ ಮಾತ್ರ ಕೋಳಿ ಕೆದರಿದಂತೆ. ಶುದ್ಧಪ್ರತಿ ಮಾಡುವುದು ಸ್ಟೋರ್ಸಿನ ಗುಮಾಸ್ತೆಯಾದ ನನ್ನ ಪಾಲಿಗೆ ಬಂತು.

ಕತೆಯನ್ನು ಅವರು ಮೊದಲು ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು: ನಮಗೆ ಕನ್ನಡದಲ್ಲಿ, ಅಡುಗೆಯವರಿಗೆ ತಮಿಳಿನಲ್ಲಿ, ಫಿಟ್ಟರುಗಳಿಗೆ ತೆಲುಗಿನಲ್ಲಿ. ಯಾರಾದರೂ ಮುಂಚೆಯೇ ಕೊಲೆಗಾರನನ್ನು ಊಹಿಸಿಬಿಟ್ಟರೆ ಅವರಿಗೊಂದು ವಡೆ, ಆ ಅಧ್ಯಾಯಗಳು ಕಸದ ಬುಟ್ಟಿಗೆ.

ಎರಡು ಸಾವಿರದ ಆರೋ ಏಳೋ ಇರಬೇಕು, ಒಂದು ಸಲ ಯಾರೂ ಊಹಿಸಲಿಲ್ಲ. ಆ ಕತೆಯಲ್ಲಿ ಕೊಲೆಗಾರ ಕಾರ್ಖಾನೆಯೊಂದರ ವಾಚ್‌ಮನ್, ಅಂಚೆಟ್ಟಿ ಕಡೆಯವನು. ಸೋಮವಾರ ಪ್ರತಿ ಕೈಸೇರದಿದ್ದರೆ ಬೇರೆಯವರ ಪುಸ್ತಕ ಹಾಕುತ್ತೇವೆಂದು ಬೆಂಗಳೂರಿನ ಪ್ರಕಾಶಕರು ಹೇಳಿದ್ದರು. ಅಷ್ಟರಲ್ಲಿ ನಮ್ಮ ಗೇಟಿನ ವಾಚ್‌ಮನ್ ಬಂದು ನಿಂತ. ಅವನೂ ಅಂಚೆಟ್ಟಿಯವನೇ.

"ಜನ ನಾನೇ ಅಂದ್ಕೊಂಬುಡ್ತಾರೆ ಸಾ. ನನ್ ಮಗಳಿಗೆ ಗಂಡು ನೋಡ್ತಾ ಇವ್ನಿ."

ನಾನು ನಕ್ಕುಬಿಟ್ಟೆ. "ಅಂಚೆಟ್ಟೀಲಿ ನಮ್ ಪುಸ್ತಕ ಯಾರ್ ಓದ್ತಾರೆ, ಬುಡಿ ಸಾರ್."

ರೈಟರ್ ಸಾರ್ ನಗಲಿಲ್ಲ. "ಒಬ್ನೇ ಓದ್ತಾನೆ ಅಂತಿಟ್ಕೋ. ಅವ್ನೇ ಆ ಗಂಡಿನ ಅಪ್ಪ ಆಗಿದ್ರೆ?"

ಅವರು ರಜೆ ಹಾಕಿ ಇಡೀ ಕಾದಂಬರಿಯನ್ನು ತಿರುಗಿ ಬರೆಯಲು ಕೂತರು. ಈ ಸಲ ಕ್ಯಾಂಟೀನಿನಲ್ಲಿ ಹೇಳಲಿಲ್ಲ. ಸೋಮವಾರ ಕಳೆಯಿತು, ಪ್ರಕಾಶಕರು ಮುನಿದರು. ಹಾಳೆಗಳು ಬಂದಂತೆ ನಾನು ಪ್ರತಿ ಮಾಡುತ್ತಾ ಹೋದೆ. ಕೊಂದವರು ಯಾರೆಂದು ಕೊನೆಯ ಪುಟದವರೆಗೂ ನನಗೆ ಗೊತ್ತಾಗಲಿಲ್ಲ. ಕೊಂದವಳು ಸ್ಟೋರ್ಸಿನ ಗುಮಾಸ್ತೆ, ಮುತ್ತಿನಂಥ ಅಕ್ಷರದವಳು! ನನ್ನ ಕೈಯಾರೆ ನನ್ನನ್ನೇ ಕೊಲೆಗಾತಿ ಮಾಡಿಕೊಂಡಿದ್ದೆ. ಆ ಕೈಚಳಕಕ್ಕೆ ಮೈ ಜುಂ ಎಂದಿತು.

"ನಿಂಗೆ ಮದ್ವೆ ಆಗೈತಲ್ಲಮ್ಮ, ಅದ್ಕೇ ಧೈರ್ಯ ಮಾಡ್ದೆ. ಬ್ಯಾಡ ಅಂದ್ರೆ ಇದ್ನೂ ಹರ್ದಾಕ್ತೀನಿ" ಅಂದರು.

"ಇರ್ಲಿ ಸಾರ್" ಅಂದೆ.

ವಾಚ್‌ಮನ್ ಮಗಳ ಮದುವೆ ಆ ವೈಶಾಖದಲ್ಲೇ ಆಯಿತು. ರೈಟರ್ ಸಾರ್ ಮೊದಲ ಪಂಕ್ತಿಯಲ್ಲಿ ಕೂತು ಉಂಡರು. ಪುಸ್ತಕ ಬಂದದ್ದು ಎರಡು ವರ್ಷದ ಮೇಲೆ, ಬೇರೊಬ್ಬ ಸಣ್ಣ ಪ್ರಕಾಶಕರಿಂದ. ಬೆಂಗಳೂರಿನವರು ಮತ್ತೆ ಅವರನ್ನು ಕರೆಯಲೇ ಇಲ್ಲ. ಅದಕ್ಕಾಗಿ ಅವರು ಕೊರಗಿದ್ದನ್ನು ನಾನಂತೂ ಕಾಣೆ. ಅಂಥ ಮನುಷ್ಯನನ್ನು ಆಮೇಲೂ ಕಂಡಿಲ್ಲ.

ಅವರು ತೀರಿಕೊಂಡ ದಿನ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ನನ್ನ ಕೈ ಹಿಡಿದು ಬಹಳ ಹೊತ್ತು ಮುಖವನ್ನೇ ನೋಡಿದರು.

"ಆ ಕೊಲೆಗಾತಿ ನೀನೇನಮ್ಮ?"

"ಹೂನಮ್ಮ, ನಾನೇ" ಎಂದು ಅತ್ತುಬಿಟ್ಟೆ.