ಚಿಟ್ಟೆಯಿಲ್ಲದ ಗೂಡು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಜೀವಮಾನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ, ರೇಷ್ಮೆಗೂಡಿನಿಂದ ಎಳೆ ತೆಗೆದ ಕೈ. ಬ್ಯಾಂಕಿನ ಮೆಷಿನ್ ಅವರ ಹೆಬ್ಬೆರಳನ್ನು ಮೂರು ಸಲ ಒಪ್ಪದಿದ್ದಾಗ ಹಿಂದೆ ನಿಂತಿದ್ದ ನನ್ನತ್ತ ತಿರುಗಿ, "ನಾನು ನಾನೇ ಅಂತ ನೀವಾದ್ರೂ ಒಂದು ಮಾತು ಹೇಳಿ ಮೇಡಂ" ಎಂದು ನಕ್ಕರು. ಮುಳಬಾಗಿಲಿನ ನಮ್ಮ ಕಡೆ ಎಲ್ಲರೂ ಅವರನ್ನು ರೀಲರ್ ಎಂದೇ ಕರೆಯುತ್ತಿದ್ದರು.

ನೂಲಿನ ಕೆಲಸವನ್ನು ಮಗಳಿಗೆ ಒಪ್ಪಿಸಿದ ಮೇಲೆ ಅವರು ಸ್ವಲ್ಪ ಷೇರು ಕೊಂಡಿದ್ದರು. ನಮ್ಮ ಯಜಮಾನರು ತೀರಿಹೋಗುವಾಗ ನನಗೂ ಒಂದು ಸಾಫ್ಟ್‌ವೇರ್ ಕಂಪನಿಯ ಷೇರು ಬಿಟ್ಟುಹೋಗಿದ್ದರು. "ಇದು ನಿನ್ನ ಮಂಡಿ ಆಪರೇಷನ್ನಿಗೆ, ಮುಟ್ಟಬೇಡ" ಎಂದಿದ್ದರು. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ನಮ್ಮ ಮನೆಯ ಡ್ರಾಯಿಂಗ್ ರೂಮಿನಲ್ಲಿ ಟೀವಿಯ ಮುಂದೆ. ನನ್ನ ಎರಡು ಮಂಡಿಗಳು ಷೇರುಪೇಟೆಯ ಇಂಗ್ಲಿಷ್ ಚಾನೆಲ್ಲಿನ ಎಕ್ಸ್‌ಪರ್ಟ್ ಬಾಯಲ್ಲಿ! ಸದಾ ಕೋಟು ತೊಟ್ಟೇ ಬರುವ ಆತನಿಗೆ ರೀಲರ್ ಇಟ್ಟ ಹೆಸರು ಕೋಟು.

"ಏನಂತೆ ಮೇಡಂ, ಕೋಟು?"

"ಮಾರಬೇಕಂತೆ."

"ಸೋಮವಾರ ಕೊಂಡ್ಕೊಳ್ಳಿ ಅಂದಿದ್ನಲ್ಲ!"

"ಅದು ಸೋಮವಾರ."

"ಮನೇಲಿ ಸಾರಿಗೆ ಉಪ್ಪು ಸಾಕೋ ಬೇಕೋ ಅಂತಾದ್ರೂ ಒಂದೇ ಮಾತು ಹೇಳ್ತಾನಾ ಇವನು?"

ಹೀಗೆ ನಗುತ್ತಿದ್ದವರೇ ಒಂದು ದಿನ ಕೋಟಿನ ಮಾತು ಕೇಳಿ ಎಲ್ಲ ಮಾರಿಬಿಟ್ಟರು. ಎರಡು ವಾರದಲ್ಲಿ ಕೋಟು ಅದನ್ನೇ 'ಸ್ಟ್ರಾಂಗ್ ಬೈ', ಕೊಳ್ಳಲೇಬೇಕು ಎಂದಿತು, ತಪ್ಪಾಯಿತು ಎನ್ನುವ ಸೌಜನ್ಯವೂ ಇಲ್ಲದೆ. ನಾನು ಸಿಟ್ಟಿನಲ್ಲಿ ಚಾನೆಲ್ಲಿಗೆ ಪತ್ರ ಬರೆದೆ, 'ಡಿಯರ್ ಸರ್' ಎಂದು, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ದುಂಡು ಅಕ್ಷರದಲ್ಲಿ. ಉತ್ತರ ಬರಲಿಲ್ಲ.

"ನಂದೂ ತಪ್ಪಿದೆ ಮೇಡಂ" ಎಂದರು ರೀಲರ್. "ಗೂಡು ಮಾರ್ಕೆಟ್ಟಿಗೆ ಬಂದ ದಿನವೇ ವ್ಯಾಪಾರ ಆಗ್ಬೇಕು. ಬಿಟ್ರೆ ಒಳಗಿನ ಚಿಟ್ಟೆ ಕೊರ್ಕೊಂಡು ಹೊರಗೆ ಬರುತ್ತೆ, ಎಳೆ ಹಾಳು. ಬದುಕೆಲ್ಲಾ ಅದೇ ಭಯ. ಇವನು ಬೇಗ ಬೇಗ ಅಂದ, ನಾನು ಓಡ್ದೆ. ಈ ಷೇರಿನೊಳಗೆ ಚಿಟ್ಟೆ ಎಲ್ಲಿದೆ ಹೇಳಿ?"

ಆಮೇಲೆ ನಿಧಾನವಾಗಿ, ಒಂದೊಂದೇ, ಮತ್ತೆ ಕೊಂಡರು.

ಮುಂದಿನ ವರ್ಷ ನನ್ನ ಸರದಿ. ನನ್ನ ಕಂಪನಿಯ ದೊಡ್ಡ ಫಾರಿನ್ ಗಿರಾಕಿಯೊಬ್ಬರು ಬಿಟ್ಟುಹೋದರಂತೆ, ಇವತ್ತೇ ಮಾರಿ ಎಂದು ಕೋಟು ಅರಚುತ್ತಿತ್ತು. ಮಂಡಿಗಳು ಕಣ್ಣಮುಂದೆ ಬಂದವು. ಫೋನಿನ ಮೇಲೆ ಬೆರಳಿಟ್ಟಿದ್ದೆ.

"ಆಗಂಡಿ! ನಿಲ್ಲಿ!" ಗಾಬರಿಯಾದರೆ ರೀಲರ್ ಬಾಯಲ್ಲಿ ಮೊದಲು ತೆಲುಗೇ. "ರಾಶಿಯ ಅಡಿಗೆ ಕೈ ಹಾಕಿ, ಒಂದು ಗೂಡು ತೆಗ್ದು ಕಿವಿ ಹತ್ರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳದೇನೇ ನಾನು ಯಾವತ್ತೂ ಬೆಲೆ ಕೂಗಿಲ್ಲ. ಇದಕ್ಕೆ ಅಡಿ ಎಲ್ಲಿದೆ ಮೇಡಂ?"

ಅಲ್ಮೇರಾದಲ್ಲಿ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಇಟ್ಟಿದ್ದ ಕಂಪನಿಯ ಆನ್ಯುಯಲ್ ರಿಪೋರ್ಟ್ ತಂದೆ. ಎಂಟು ದಿನ ಬೆಳಿಗ್ಗೆ ಟೀವಿ ಬಂದ್. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಕೇಳುವುದು: ಇನ್ನೆಷ್ಟು ಜನ ಗಿರಾಕಿಗಳು? ಸಾಲ ಇದೆಯಾ? ಕೆಲಸ ಗೊತ್ತಿರೋರು ಉಳ್ಕೊಂಡಿದ್ದಾರಾ? ಅವರಿಗೆ ಹೇಳಬೇಕಾದರೆ ಮೊದಲು ನನಗೆ ಅರ್ಥವಾಗಬೇಕಿತ್ತು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಓದಲು ಕಲಿತಿದ್ದೆ. ಓದಿದ್ದನ್ನು ಪ್ರಶ್ನಿಸುವುದನ್ನು ಇಂಗ್ಲಿಷ್ ಬಾರದ ಇವರು ಕಲಿಸಿದರು. ಹೋದ ಗಿರಾಕಿ ಹಲವರಲ್ಲಿ ಒಬ್ಬರು ಅಷ್ಟೆ. ಸಾಲವಿರಲಿಲ್ಲ.

"ಗೂಡು ಗಟ್ಟಿ ಇದೆ. ಆದ್ರೆ ಗಟ್ಟಿ ಗೂಡೂ ಒಂದೊಂದ್ಸಲ ಕೈ ಕೊಡುತ್ತೆ, ಅದನ್ನೂ ಹೇಳ್ಬೇಕಲ್ಲ ನಾನು."

ಅದನ್ನು ಕೋಟು ಒಂದು ದಿನವೂ ಹೇಳಿರಲಿಲ್ಲ. ನಾನು ಮಾರಲಿಲ್ಲ. ಕೆಲವು ತಿಂಗಳು ಇನ್ನೂ ಇಳಿಯಿತು, ಆಮೇಲೆ ಮೆಲ್ಲಗೆ ಏರಿತು.

"ಆಪರೇಷನ್ ಆದ್ಮೇಲೆ ನಮ್ಮನೆಗೆ ನಡ್ಕೊಂಡೇ ಬರ್ಬೇಕು. ಆಟೋದಲ್ಲಿ ಬಂದ್ರೆ ಕಾಫಿ ಇಲ್ಲ" ಎನ್ನುತ್ತಿದ್ದರು. ಆಪರೇಷನ್ ಆಯಿತು, ಕಾಫಿ ಕೊಡಲು ಅವರೇ ಇರಲಿಲ್ಲ. ಹೋದ ಚಳಿಗಾಲದಲ್ಲಿ, ನಾಲ್ಕೇ ದಿನದ ಜ್ವರದಲ್ಲಿ ಹೊರಟುಹೋದರು.

ಈಚೆಗೆ ಎರಡು ಬೀದಿ ದಾಟಿ, ಕೋಲಿಲ್ಲದೆ, ನಡೆದೇ ಹೋದೆ. ಅವರ ಮಗಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕಾಫಿ ತಂದಳು. ಜೊತೆಗೆ ರೀಲರ್ ಷೇರು ಕೊಂಡಿದ್ದ ಕಂಪನಿಯಿಂದ ಬಂದ ಆನ್ಯುಯಲ್ ರಿಪೋರ್ಟಿನ ಕವರು.

"ಅಪ್ಪಂದು ಆಂಟಿ. ಟೀವೀಲಿ ಇವತ್ತೇ ಮಾರಿ ಅಂತಿದ್ದಾರೆ. ಏನ್ಮಾಡ್ಲಿ?"

"ಟೀವಿ ಆರಿಸಿ ಬಾ ಕಣೇ, ಕೂತ್ಕೋ" ಎಂದು ಕನ್ನಡಕ ಹುಡುಕಿಕೊಂಡೆ. "ಮೊದಲು ರಾಶಿಯ ಅಡಿಗೆ ಕೈ ಹಾಕಿ ನೋಡೋಣ."